ಹತ್ಯಾರ ಕೊಡದ ಊರು

ವಿಜಯಪುರದಿಂದ ಬಬಲೇಶ್ವರದ ಮೇಲೆ ಜಮಖಂಡಿಯ ಕಡೆಗೆ ಹೋಗುವ ಸೀಮೆಯ ಹಳೆಯ ಹಳ್ಳಿಗಳಲ್ಲಿ ಅಲ್ಲಲ್ಲಿ ಇನ್ನೂ ಹುಡೆಗಳು ಉಳಿದಿವೆ. ಕಲ್ಲು ಮಣ್ಣಿನಿಂದ ಕಟ್ಟಿದ ಗುಂಡನೆಯ ಬುರುಜು, ಒಳಗೆ ಮೇಲೇರಲು ಇಕ್ಕಟ್ಟಾದ ಮೆಟ್ಟಿಲು, ಮೇಲ್ಗಡೆ ಬಂದೂಕಿನ ನಳಿಗೆ ತೂರಿಸುವಷ್ಟೇ ಅಗಲದ ಕಂಡಿಗಳು. ದಂಡು ಬರುತ್ತಿದೆ, ಪೆಂಢಾರಿಗಳು ಬಂದರು ಎಂಬ ಸುದ್ದಿ ಹುಟ್ಟಿದಾಗ ಹೆಂಗಸರು ಮಕ್ಕಳು ಒಳಗೆ ಸೇರುತ್ತಿದ್ದರು. ಬಂದೂಕು ಹಿಡಿಯಬಲ್ಲವರು ಮೇಲೆ ಹತ್ತುತ್ತಿದ್ದರು. ಊರನ್ನು ಊರೇ ಕಾಯಬೇಕಾಗಿದ್ದ ಕಾಲದ ಗುರುತು ಅದು. ಈಗ ಹುಡೆಯ ಬಿರುಕಿನಲ್ಲಿ ಬೇವಿನ ಸಸಿ ಎದ್ದಿರುತ್ತದೆ, ಬುಡದಲ್ಲಿ ಯಾರದೋ ಕಣಿಕಿ ಬಣವೆ ಇರುತ್ತದೆ.

ಮನೆಯನ್ನು ಕಾಯಲು ಮನುಷ್ಯ ಹತ್ಯಾರ ಇಟ್ಟುಕೊಳ್ಳಬಹುದೆ, ನುಗ್ಗಿ ಬಂದವನನ್ನು ಅದರಿಂದ ಕೊಲ್ಲಬಹುದೆ ಎಂಬ ಪ್ರಶ್ನೆಯನ್ನು ಹುಡೆ ಕಟ್ಟಿದವರ ಮುಂದೆ ಇಟ್ಟಿದ್ದರೆ ಅವರು ನಕ್ಕುಬಿಡುತ್ತಿದ್ದರೇನೋ. ಅದು ಒಂದು ಪ್ರಶ್ನೆಯಾಗಿ, ಕಾಯಿದೆಯ ರೂಪದಲ್ಲಿ ಹಳ್ಳಿಯ ಅಗಸೆಗೆ ಬಂದು ನಿಂತದ್ದು 1857ರಲ್ಲಿ. ಜಮಖಂಡಿಯನ್ನು ದಾಟಿದರೆ ಮುಧೋಳ ಸೀಮೆ. ಆ ಸೀಮೆಯ ಹಲಗಲಿ ಎಂಬ ಊರು ಈ ಪ್ರಶ್ನೆಗೆ ಕೊಟ್ಟ ಉತ್ತರ ಇಂದಿಗೂ ಲಾವಣಿಯಾಗಿ ಉಳಿದಿದೆ.

ಆಗ ಮುಧೋಳ ಘೋರ್ಪಡೆ ಮನೆತನದ ಸಣ್ಣ ಸಂಸ್ಥಾನ. ಸ್ವಾತಂತ್ರ್ಯದ ನಂತರ ಅದು ಬಿಜಾಪುರ ಜಿಲ್ಲೆಗೆ ಸೇರಿತು. 1997ರಲ್ಲಿ ಜಿಲ್ಲೆ ಒಡೆದಾಗ ಬಾಗಲಕೋಟೆಯ ಪಾಲಾಯಿತು. ಹೀಗಾಗಿ ಹಲಗಲಿಯ ಕಥೆಯನ್ನು ಕೃಷ್ಣೆಯ ಎರಡೂ ದಂಡೆಯವರು ತಮ್ಮದೆಂದೇ ಹೇಳಿಕೊಳ್ಳುತ್ತಾರೆ.

1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ದಂಗೆ ಎದ್ದರು. ದೆಹಲಿ ಇನ್ನೂ ಕೈವಶವಾಗಿರದಿದ್ದಾಗಲೇ, ಅದೇ ಸೆಪ್ಟೆಂಬರಿನಲ್ಲಿ, ಕುಂಪಣಿ ಸರಕಾರ ಆ ವರ್ಷದ 28ನೇ ಕಾಯಿದೆಯನ್ನು ಜಾರಿಗೆ ತಂದಿತು. ಜನರು ಹತ್ಯಾರ ಮತ್ತು ಮದ್ದುಗುಂಡು ಇಟ್ಟುಕೊಳ್ಳುವುದನ್ನು, ತಯಾರಿಸುವುದನ್ನು, ಮಾರುವುದನ್ನು ಸರಕಾರದ ಹಿಡಿತಕ್ಕೆ ತರುವುದು ಅದರ ಉದ್ದೇಶ. ಇತಿಹಾಸದ ಪುಸ್ತಕಗಳಲ್ಲಿ ಇದಕ್ಕೆ ನಿಶ್ಶಸ್ತ್ರೀಕರಣ ಕಾಯಿದೆ ಎಂಬ ಭಾರವಾದ ಹೆಸರಿದೆ. ಹಳ್ಳಿಯವರಿಗೆ ಅದು ಅರ್ಥವಾದದ್ದು ಬಹಳ ಸರಳವಾಗಿ: ಮನೆಯಲ್ಲಿದ್ದ ಹತ್ಯಾರ ತಂದು ಒಪ್ಪಿಸಿರಿ.

ಹತ್ಯಾರ ಎಂಬ ಮಾತನ್ನು ಇಲ್ಲಿ ಸ್ವಲ್ಪ ನೋಡಬೇಕು. ಕಿವಿಗೆ ಅದು 'ಹತ್ಯೆ'ಯ ನಂಟನಂತೆ ಕೇಳಿಸುತ್ತದೆ; ನಿಜವಾಗಿ ಅದು ಹಿಂದೂಸ್ಥಾನಿಯ 'ಹಥಿಯಾರ್'ನಿಂದ ಬಂದದ್ದು, ಮೂಲದಲ್ಲಿ ಅದಕ್ಕೆ ಕೈಯ ಸಂಬಂಧ. ಬಡಿಗನ ಉಳಿ ಬಾಚಿಗಳಿಗೂ ಉತ್ತರ ಕರ್ನಾಟಕದಲ್ಲಿ ಹತ್ಯಾರ ಎನ್ನುವುದುಂಟು. ಕೊಲ್ಲುವುದೂ ದುಡಿಯುವುದೂ ಒಂದೇ ಮಾತಿನಲ್ಲಿ ಅಡಗಿದ್ದ ಸಮಾಜಕ್ಕೆ ಅದನ್ನು ಕೊಟ್ಟುಬಿಡಿರಿ ಎಂದರೆ ಏನು ಅರ್ಥವಾದೀತು ಎಂಬುದನ್ನು ಊಹಿಸಿಕೊಳ್ಳಬಹುದು.

ಹಲಗಲಿಯ ಬೇಡರಿಗಂತೂ ಬಂದೂಕು ಬರಿಯ ಸೊತ್ತಾಗಿರಲಿಲ್ಲ. ಅವರು ಬೇಟೆಯಾಡಿ ಬದುಕಿದವರು, ಊರಿನ ಕಾವಲು ಕಾಯ್ದವರು, ಕರೆದ ಅರಸರಿಗೆ ದಂಡಾಗಿ ಹೋದವರು. ದಖ್ಖನ್ನಿನಲ್ಲಿ ಬೇಡರ ಗುರಿಗೆ ದೊಡ್ಡ ಹೆಸರಿತ್ತು. 1705ರಲ್ಲಿ ಮುದುಕನಾಗಿದ್ದ ಔರಂಗಜೇಬ ಸ್ವತಃ ದಂಡು ಕಟ್ಟಿಕೊಂಡು ಬಂದು ಸುರಪುರ ಸೀಮೆಯ ವಾಗಣಗೇರಿಗೆ ಮುತ್ತಿಗೆ ಹಾಕಿದಾಗ, ಪಿಡ್ಡನಾಯಕನ ಬೇಡ ಬಂದೂಕುಗಾರರು ಆ ಸಾಮ್ರಾಟನನ್ನು ತಿಂಗಳುಗಟ್ಟಲೆ ತಡೆದು ನಿಲ್ಲಿಸಿದ್ದರು. ವಿಜಯಪುರಕ್ಕೆ ಬರುವ ಪ್ರವಾಸಿಗರು ಮಲಿಕ್-ಎ-ಮೈದಾನ್ ತೋಪನ್ನು ತಟ್ಟಿ ನೋಡಿ ಬೆರಗಾಗುತ್ತಾರೆ. ಆದರೆ ಈ ಸೀಮೆಯ ಇತಿಹಾಸದಲ್ಲಿ ಹೆಚ್ಚು ಕೆಲಸ ಮಾಡಿದ್ದು ಆ 55 ಟನ್ನಿನ ತೋಪಲ್ಲ, ಬೇಡನ ಹೆಗಲ ಮೇಲಿನ ಬತ್ತಿಯ ಬಂದೂಕು.

ಕಾಯಿದೆಯನ್ನು ತಿಳಿಹೇಳಲು ಕಾರಕೂನನೊಬ್ಬ ಸಿಪಾಯಿಯೊಡನೆ ಊರಿಗೆ ಬಂದ, ಅವನ ಕಪಾಳಕ್ಕೆ ಬಿತ್ತು ಎಂದು ಲಾವಣಿ ಹೇಳುತ್ತದೆ. ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಅದರ ನಾಯಕರು. ಹತ್ಯಾರ ಹೋದರೆ ಜೀವ ಹೋದಂತೆಯೇ ಎಂಬುದು ಅವರ ವಾದ. ಸುತ್ತಲಿನ ಹಳ್ಳಿಗಳವರೂ ಬಂದು ಸೇರಿದರು. ನವೆಂಬರ್ ಕೊನೆಯಲ್ಲಿ ಕುಂಪಣಿಯ ಕುದುರೆ ದಂಡು ಊರನ್ನು ಸುತ್ತಿತು. ಹೊಲದಲ್ಲಿ ಎದುರಿಸಲಾಗದೆ ಜನ ಮನೆಗಳೊಳಗೆ ಸೇರಿ ಅಲ್ಲಿಂದಲೇ ಗುಂಡು ಹಾರಿಸಿದರು. ಆಗ ದಂಡು ಊರಿಗೆ ಬೆಂಕಿ ಹಚ್ಚಿತು. ನೂರರ ಸುಮಾರು ಜನ ಸತ್ತರು. ಸೆರೆ ಸಿಕ್ಕವರಲ್ಲಿ 19 ಮಂದಿಗೆ ಗಲ್ಲು ಆಯಿತು: ಡಿಸೆಂಬರ್ 11ರಂದು ಮುಧೋಳದಲ್ಲಿ 13 ಮಂದಿಗೆ, ಡಿಸೆಂಬರ್ 14ರಂದು ಹಲಗಲಿಯಲ್ಲೇ ಉಳಿದ ಆರು ಮಂದಿಗೆ. ಮುಧೋಳದಲ್ಲಿ ಆ ದಿನ ಸಂತೆ. ಸಂತೆಯ ದಿನವನ್ನು ಯಾಕೆ ಆರಿಸಿಕೊಂಡರೆಂದು ವಿವರಿಸಬೇಕಾಗಿಲ್ಲ.

ಶಾಸನಗಳ ವಿದ್ವಾಂಸನೆಂದು ಹೆಸರಾದ ಜಾನ್ ಫೇತ್‌ಫುಲ್ ಫ್ಲೀಟ್ ಮುಂಬಯಿ ಪ್ರಾಂತದ ಅಧಿಕಾರಿಯಾಗಿದ್ದಾಗ ಕನ್ನಡ ಲಾವಣಿಗಳನ್ನೂ ಬರೆಸಿಕೊಂಡು ಪ್ರಕಟಿಸಿದ. ಹಲಗಲಿ ಬೇಡರ ಲಾವಣಿ ಅವುಗಳಲ್ಲಿ ಒಂದು. ಕುರ್ತಕೋಟಿ ಕಲ್ಮೇಶನ ಹೆಸರು ಅದರ ಕೊನೆಯಲ್ಲಿ ಬರುತ್ತದೆ. ಗಲ್ಲಿಗೆ ಹಾಕಿದ ಸರಕಾರದ ನೌಕರನೇ ಗಲ್ಲಿಗೇರಿದವರ ಹಾಡನ್ನು ಕಾಪಾಡಿದ್ದು ಇತಿಹಾಸದ ವಿನೋದಗಳಲ್ಲಿ ಒಂದೆನ್ನಬೇಕು. ಮುಂದೆ ಅದು ಶಾಲೆಯ ಪಠ್ಯಕ್ಕೂ ಬಂದಿತು. ತರಗತಿಯಲ್ಲಿ ಓದುವಾಗ ಕಾದಾಟದ ಭಾಗ ರೋಮಾಂಚನಗೊಳಿಸುತ್ತದೆ ನಿಜ. ಆದರೆ ಅದರ ತೂಕವಿರುವುದು ಕೊನೆಯಲ್ಲಿ, ಲೂಟಿಯಾದ ವಸ್ತುಗಳ ಪಟ್ಟಿಯಲ್ಲಿ. ಹೊನ್ನು ಹಣದ ಜತೆಗೆ ಉಪ್ಪು, ಅರಿಸಿನ, ತಾಳಿ, ಕಡೆಗೆ ಬೀಸುವ ಕಲ್ಲು ಕೂಡ ಹೋದವೆಂದು ಹಾಡುಗಾರ ಎಣಿಸುತ್ತಾನೆ. ಬೀಸುವ ಕಲ್ಲನ್ನು ಯಾವ ಸಿಪಾಯಿ ಹೊತ್ತುಕೊಂಡು ಹೋದನೋ! ಅವನು ಹೇಳಬೇಕಾಗಿದ್ದುದು ಇಷ್ಟು: ಹತ್ಯಾರ ಕೇಳಿಕೊಂಡು ಬಂದವರು ಮನೆಯನ್ನೇ ಕೊಂಡೊಯ್ದರು.

ಈ ಘಟನೆಯನ್ನು ಸ್ವಾತಂತ್ರ್ಯ ಸಂಗ್ರಾಮದ ಒಂದು ಅಧ್ಯಾಯವೆಂದು ಓದುವುದು ವಾಡಿಕೆ. ಅದು ತಪ್ಪಲ್ಲ. ಆದರೆ ಅದರೊಳಗೆ ಇನ್ನೊಂದು ವಾದವೂ ಇದೆ. 'ನಿನ್ನ ಹತ್ಯಾರ ನನಗೆ ಕೊಡು, ನಿನ್ನ ಮನೆಯನ್ನು ನಾನು ಕಾಯುತ್ತೇನೆ' ಎಂಬುದು ಎಲ್ಲ ಆಧುನಿಕ ಸರಕಾರಗಳ ಮಾತು. ಪ್ರಜೆ ಕೊಲ್ಲುವ ಅಧಿಕಾರವನ್ನು ಬಿಟ್ಟುಕೊಡುತ್ತಾನೆ, ಅದಕ್ಕೆ ಬದಲಾಗಿ ರಕ್ಷಣೆ ಪಡೆಯುತ್ತಾನೆ. ಜಪಾನಿನಲ್ಲಿ 1588ರಷ್ಟು ಹಿಂದೆಯೇ ಹಿದೆಯೋಷಿ ಎಂಬ ದಳಪತಿ ರೈತರ ಖಡ್ಗಗಳನ್ನೆಲ್ಲ ಕಸಿದುಕೊಂಡ. ಆ ಕಬ್ಬಿಣ ಬುದ್ಧನ ದೊಡ್ಡ ವಿಗ್ರಹದ ಮೊಳೆ ಕೀಲುಗಳಿಗೆ ಬೇಕೆಂದು ಸಮಜಾಯಿಷಿಯನ್ನೂ ಕೊಟ್ಟ. ಕುಂಪಣಿ ಅಷ್ಟು ಮಾತನ್ನೂ ಆಡಲಿಲ್ಲ. ಹಲಗಲಿಯವರು ಬಂದೂಕು ಬಿಟ್ಟುಕೊಟ್ಟಿದ್ದರೆ ಅವರ ಹೊಲಗಳನ್ನು ಯಾರು ಕಾಯುತ್ತಿದ್ದರು? ಕಾವಲು ಮಾಡುತ್ತಿದ್ದವರೇ ಅವರು.

ಕೊಲ್ಲುವ ಮಾತು

ಹಾಗಾದರೆ 1857ಕ್ಕೆ ಮುಂಚೆ ಈ ನಾಡಿನಲ್ಲಿ ರಕ್ಷಣೆಗಾಗಿ ಕೊಲ್ಲುವುದಕ್ಕೆ ಅಡ್ಡಿಯೇ ಇರಲಿಲ್ಲವೆ? ಇತ್ತು. ಆ ವಿಷಯದಲ್ಲಿ ಕನ್ನಡ ನಾಡು ಒಂದೇ ದನಿಯಲ್ಲಿ ಮಾತಾಡಿಲ್ಲ ಎಂಬುದೇ ಸ್ವಾರಸ್ಯ.

ಊರೂರಿನಲ್ಲಿ ಕಾಣುವ ವೀರಗಲ್ಲುಗಳನ್ನು ನೋಡಿದರೆ ಒಂದು ದನಿ ಕೇಳಿಸುತ್ತದೆ. ತುರುಗೊಳ್ ಎಂದರೆ ದನಗಳನ್ನು ಅಟ್ಟಿಕೊಂಡು ಹೋಗುವ ದಾಳಿ. ಪೆಣ್ಬುಯ್ಯಲ್ ಎಂದರೆ ಹೆಣ್ಣಿನ ಮೊರೆ. ಊರಳಿವು ಎಂದರೆ ಊರಿಗೆ ಊರೇ ಹಾಳಾಗುವುದು. ಇವುಗಳಿಗೆ ಎದುರಾಗಿ ಹೋರಾಡಿದವನಿಗೆ ಕಲ್ಲು ನಿಲ್ಲಿಸಿ, ಅಪ್ಸರೆಯರು ಅವನನ್ನು ಮೇಲಕ್ಕೆ ಕರೆದೊಯ್ಯುವುದನ್ನು ಕೆತ್ತಿದರು. ಇಲ್ಲಿ ಒಂದು ಸಂಗತಿಯನ್ನು ಮರೆಯಬಾರದು. ಕಲ್ಲು ನಿಲ್ಲುತ್ತಿದ್ದುದು ಸತ್ತವನಿಗೆ. ನಾಲ್ಕು ಕಳ್ಳರನ್ನು ಕೊಂದು ಮನೆಗೆ ಬಂದು ಉಂಡು ಮಲಗಿದವನಿಗೆ ವೀರಗಲ್ಲು ಇಲ್ಲ. ಊರಿಗಾಗಿ ಜೀವ ಕೊಡುವುದನ್ನು ಸಮಾಜ ಪೂಜಿಸಿತು. ಜೀವ ತೆಗೆಯುವುದು ಅದರೊಳಗಿನ ಒಂದು ಅನಿವಾರ್ಯ ಭಾಗವಾಗಿ ಮಾತ್ರ ಉಳಿಯಿತು.

ಇನ್ನೊಂದು ದನಿ ಈ ಜಿಲ್ಲೆಯ ಬಾಗೇವಾಡಿಯಲ್ಲೇ ಹುಟ್ಟಿದ ಬಸವಣ್ಣನದು. ದನ ಕದ್ದೊಯ್ದರೆಂದು ಕೂಗಾಡುವವರನ್ನು ಅವರ ವಚನವೊಂದು ತಡೆಯುತ್ತದೆ. ಹಾಲನ್ನು ಇಲ್ಲಿ ಕುಡಿದರೂ ಅಲ್ಲಿ ಕುಡಿದರೂ ಕುಡಿಯುವವನು ಸಂಗಮದೇವನೇ ತಾನೇ ಎಂಬುದು ಅದರ ಧಾಟಿ. ತುರುಗೊಳ್‌ನಲ್ಲಿ ಸತ್ತವರಿಗೆ ಕಲ್ಲು ನಿಲ್ಲಿಸುತ್ತಿದ್ದ ಅದೇ ಹನ್ನೆರಡನೆಯ ಶತಮಾನದಲ್ಲಿ ಈ ಮಾತು ಬಂದಿತೆಂಬುದನ್ನು ನೆನೆದರೆ ಅದರ ಕೆಚ್ಚು ಗೊತ್ತಾಗುತ್ತದೆ. ಕಳ್ಳನಿಗೂ ನನಗೂ ನಡುವೆ ದನ ಮುಖ್ಯವಲ್ಲ ಎನ್ನಲು ಕತ್ತಿ ಎತ್ತುವುದಕ್ಕಿಂತ ಹೆಚ್ಚಿನ ಧೈರ್ಯ ಬೇಕು. ಆದರೆ ನಿತ್ಯದ ಬದುಕಿನಲ್ಲಿ ರೈತನೊಬ್ಬ ಅದನ್ನು ಪಾಲಿಸಬಲ್ಲನೆ? ದನ ಹೋದರೆ ಬಿತ್ತನೆ ಹೋಯಿತು, ಬಿತ್ತನೆ ಹೋದರೆ ವರ್ಷ ಹೋಯಿತು.

ಈ ಎರಡರ ನಡುವೆ ಸೂಕ್ಷ್ಮವಾಗಿ ಯೋಚಿಸಿದವರೂ ಇದ್ದರು. ಜೈನರು ಹಿಂಸೆಯಲ್ಲಿ ನಾಲ್ಕು ಬಗೆ ಮಾಡಿದರು. ಬೇಕೆಂದೇ ಮಾಡುವ ಸಂಕಲ್ಪ ಹಿಂಸೆ ಗೃಹಸ್ಥನಿಗೂ ಸಲ್ಲದು. ಮೇಲೆ ಬಿದ್ದವನನ್ನು ಎದುರಿಸುವಾಗ ಆಗುವ ವಿರೋಧಿ ಹಿಂಸೆಯನ್ನು ಮುನಿ ಬಿಡಬೇಕು, ಗೃಹಸ್ಥನಿಗೆ ಅದು ಕ್ಷಮ್ಯ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಮಿತಾಕ್ಷರವನ್ನು ಬರೆದ ವಿಜ್ಞಾನೇಶ್ವರ ಇನ್ನೂ ಮುಂದೆ ಹೋದ. ಆತತಾಯಿ ಎಂದರೆ ಬೆಂಕಿ ಹಚ್ಚಲು, ವಿಷವಿಕ್ಕಲು, ಶಸ್ತ್ರ ಹಿಡಿದು ಕೊಲ್ಲಲು, ಹಣ, ಹೊಲ, ಹೆಂಡತಿಯನ್ನು ಅಪಹರಿಸಲು ಬಂದವನು. ಅವನು ಯಾರೇ ಆಗಲಿ ವಿಚಾರಿಸದೆ ಕೊಲ್ಲಬಹುದೆಂದು ಸ್ಮೃತಿಗಳಲ್ಲಿ ಮಾತಿದೆ. ವಿಜ್ಞಾನೇಶ್ವರ ಅದನ್ನು ಹಾಗೆಯೇ ಒಪ್ಪಲಿಲ್ಲ. ಆತತಾಯಿ ಬ್ರಾಹ್ಮಣನೇ ಮೊದಲಾದವನಾಗಿದ್ದರೆ, ಕೊಲ್ಲುವ ಉದ್ದೇಶವಿಲ್ಲದೆ ಬರಿಯ ತಡೆಯುವ ಉದ್ದೇಶದಿಂದ ಹೊಡೆದಾಗ ಅವನು ಅಕಸ್ಮಾತ್ತಾಗಿ ಸತ್ತರೆ ಅಲ್ಪ ಪ್ರಾಯಶ್ಚಿತ್ತ ಸಾಕು, ರಾಜದಂಡನೆ ಇಲ್ಲ ಎಂದು ತೀರ್ಮಾನಿಸಿದ. ಚರ್ಚೆ ಹುಟ್ಟಿದ್ದೇ ಸಾಯುವವನ ಜಾತಿಯಿಂದ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಬೇಡನ ಜೀವಕ್ಕೆ ಇಷ್ಟು ಎಚ್ಚರ ಯಾರೂ ತೋರಿಸಿರಲಿಲ್ಲ. ಆದರೂ ತಡೆಯುವುದು ಬೇರೆ, ಕೊಲ್ಲುವುದು ಬೇರೆ ಎಂದು ಅವನು ಎಳೆದ ಗೆರೆ ಬೆಲೆಯುಳ್ಳದ್ದು. ಕಾನೂನು ಇಂದಿಗೂ ಆ ಗೆರೆಯ ಸುತ್ತಲೇ ತಿರುಗುತ್ತಿದೆ.

ಬಂದೂಕು ಬಂದ ಮೇಲೆ ತೊಡಕಾದದ್ದು ಇಲ್ಲಿಯೇ. ಬಡಿಗೆಯಿಂದ ಕಾಲಿಗೆ ಹೊಡೆದು ಕಳ್ಳನನ್ನು ಬೀಳಿಸಬಹುದು. ಕುಡುಗೋಲು ತೋರಿಸಿ ಓಡಿಸಬಹುದು. ಕತ್ತಲಲ್ಲಿ ಅಂಗಳದಲ್ಲಿ ಸರಿದಾಡಿದ ನೆರಳಿಗೆ ಗುರಿಯಿಟ್ಟು ಕುದುರೆ ಎಳೆದವನಿಗೆ ತಡೆಯುವುದಕ್ಕೂ ಕೊಲ್ಲುವುದಕ್ಕೂ ನಡುವೆ ಎಷ್ಟು ಹೊತ್ತಿರುತ್ತದೆ? ಆ ನೆರಳು ಕಳ್ಳನದೋ, ತಡವಾಗಿ ಮನೆಗೆ ಬಂದ ಮಗನದೋ ನೋಡಿಕೊಳ್ಳುವಷ್ಟೂ ಇರುವುದಿಲ್ಲ.

ಎರಡು ಕಾಯಿದೆಗಳು

ಹಲಗಲಿ ಸುಟ್ಟು ಮೂರು ವರ್ಷಕ್ಕೆ, 1860ರ ಅಕ್ಟೋಬರಿನಲ್ಲಿ, ಭಾರತೀಯ ದಂಡ ಸಂಹಿತೆಗೆ ಒಪ್ಪಿಗೆ ಸಿಕ್ಕಿತು. 1862ರ ಜನವರಿ 1ರಿಂದ ಅದು ಜಾರಿಗೆ ಬಂದಿತು. ಅದರ 96ರಿಂದ 106ರವರೆಗಿನ ಕಲಮುಗಳು ಪ್ರಜೆಗೆ ಆತ್ಮರಕ್ಷಣೆಯ ಹಕ್ಕನ್ನು ಕೊಟ್ಟವು. ತನ್ನ ದೇಹವನ್ನು ಮಾತ್ರವಲ್ಲ, ಬೇರೆಯವರ ದೇಹವನ್ನೂ, ತನ್ನ ಮತ್ತು ಬೇರೆಯವರ ಆಸ್ತಿಯನ್ನೂ ಕಾಯುವ ಹಕ್ಕು ಅದು. ದರೋಡೆ, ರಾತ್ರಿ ಕನ್ನ ಹಾಕುವುದು, ಜನ ವಾಸಿಸುವ ಮನೆಗೆ ಬೆಂಕಿ ಹಚ್ಚುವುದು ಇಂಥವನ್ನು ತಡೆಯುವಾಗ ಕೊಂದರೂ ಅದು ಅಪರಾಧವಲ್ಲ.

ಈ ಸಂಹಿತೆಯ ಕರಡು ಮೆಕಾಲೆಯ ನೇತೃತ್ವದ ಆಯೋಗ 1837ರಲ್ಲೇ ಸಿದ್ಧಪಡಿಸಿದ್ದು. ಈ ದೇಶದ ಜನ ಅನ್ಯಾಯವನ್ನು ತಲೆ ಬಾಗಿಸಿ ಸಹಿಸಿಕೊಳ್ಳುತ್ತಾರೆ, ಅವರಲ್ಲಿ ಕೆಚ್ಚು ಹುಟ್ಟಿಸಬೇಕೇ ಹೊರತು ಆತ್ಮರಕ್ಷಣೆಗೆ ಹೆಚ್ಚು ಕಟ್ಟುಪಾಡು ಹಾಕಬಾರದು ಎಂಬುದು ಆ ಆಯೋಗದ ಟಿಪ್ಪಣಿಯ ಅಭಿಪ್ರಾಯ. ಹಲಗಲಿಯಲ್ಲಿ ಕೆಚ್ಚಿಗೆ ಏನು ಕೊರತೆಯಿತ್ತು? ಒಂದು ಕೈ ಹತ್ಯಾರವನ್ನು ಕಸಿದುಕೊಂಡಿತು; ಇನ್ನೊಂದು ಕೈ, ನಿನ್ನ ಮನೆಯನ್ನು ಕಾದುಕೊಳ್ಳುವ ಹಕ್ಕು ನಿನಗಿದೆ ಎಂದು ಬರೆದುಕೊಟ್ಟಿತು. ಹಕ್ಕು ಇದೆ, ಸಾಧನವಿಲ್ಲ. ಭಾರತದ ಪ್ರಜೆ ಇಂದಿಗೂ ಬದುಕುತ್ತಿರುವುದು ಈ ಎರಡು ಕಾಯಿದೆಗಳ ಸಂತಾನದ ನಡುವೆ.

ಹಕ್ಕಿಗೆ ಮಿತಿಗಳೂ ಇವೆ. 99ನೆಯ ಕಲಮಿನ ಪ್ರಕಾರ ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಆ ಹಕ್ಕು ಇಲ್ಲ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ. ಸಾವು ಅಥವಾ ಘೋರ ಗಾಯದ ಭಯವಿಲ್ಲದಾಗ, ಪ್ರಾಮಾಣಿಕವಾಗಿ ಕರ್ತವ್ಯ ಮಾಡುವ ಸರಕಾರಿ ನೌಕರನ ಮೇಲೆ ಅದನ್ನು ಬಳಸುವಂತಿಲ್ಲ. ಹತ್ಯಾರ ಕೇಳಲು ಬಂದ ಕಾರಕೂನನ ಎದುರು ಹಲಗಲಿಯವರಿಗೆ ಈ ಹಕ್ಕು ಸಿಗುತ್ತಿರಲಿಲ್ಲ. ಬೆಂಕಿ ಹಚ್ಚಲು ಬಂದ ದಂಡಿನ ಎದುರು ಸಿಗುತ್ತಿತ್ತೆ? ಸಂಹಿತೆ ಆಗಿನ್ನೂ ಜಾರಿಯಾಗಿರಲಿಲ್ಲ ಎಂದು ಸುಮ್ಮನಾಗಬೇಕು. 2024ರ ಜುಲೈ 1ರಿಂದ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದ್ದರೂ ಈ ಕಲಮುಗಳು 34ರಿಂದ 44ರವರೆಗೆ ಹೊಸ ಅಂಕಿ ಪಡೆದು ಬಹುಮಟ್ಟಿಗೆ ಹಾಗೆಯೇ ಮುಂದುವರಿದಿವೆ. ಸುಪ್ರೀಂ ಕೋರ್ಟು 2010ರಲ್ಲಿ ದರ್ಶನ್ ಸಿಂಗ್ ಮೊಕದ್ದಮೆಯಲ್ಲಿ ಈ ಹಕ್ಕಿನ ತತ್ವಗಳನ್ನು ಒಟ್ಟಾಗಿ ವಿವರಿಸಿತು. ಪ್ರಾಣಕ್ಕೆ ಸಂಚಕಾರ ಬಂದವನು ಹೇಡಿಯಂತೆ ಓಡಿಹೋಗಬೇಕಾಗಿಲ್ಲ, ಆ ಗಳಿಗೆಯಲ್ಲಿ ತನ್ನ ಏಟನ್ನು ತಕ್ಕಡಿಯಲ್ಲಿ ತೂಗಿ ಹೊಡೆಯಬೇಕೆಂದು ಬಯಸಲೂ ಆಗದು. ಆದರೆ ಆ ಹಕ್ಕು ಸೇಡಿಗೆ ಸಲ್ಲದು ಎಂಬುದು ಅದರ ಸಾರ.

ಇನ್ನು ಬಂದೂಕಿನ ಕಾಯಿದೆಯ ಕಡೆ ನೋಡಿದರೆ, ಹಲಗಲಿಗೆ ಎದುರಾಗಿ ಕೊಡಗನ್ನು ಇಡಬೇಕು. ಅದೇ ಕಾಯಿದೆಯಿಂದ 1861ರಲ್ಲಿ ಕೊಡವರಿಗೆ ವಿನಾಯಿತಿ ಸಿಕ್ಕಿತು. ಕೊಡಗಿನ ಆಡಳಿತವನ್ನೂ ನೋಡಿಕೊಳ್ಳುತ್ತಿದ್ದ ಮೈಸೂರಿನ ಕಮಿಷನರ್ ಮಾರ್ಕ್ ಕಬ್ಬನ್ ಹೊರಡಿಸಿದ ಆ ಆಜ್ಞೆ ಕೊಡವರ ಶೌರ್ಯವನ್ನೂ ನಿಷ್ಠೆಯನ್ನೂ ಹೊಗಳಿತ್ತು. 1837ರ ದಂಗೆಯನ್ನು ಅಡಗಿಸುವಲ್ಲಿ ಅವರು ಸರಕಾರಕ್ಕೆ ನೆರವಾದುದನ್ನು ನೆನೆದಿತ್ತು. ಸುಳ್ಯ ಪುತ್ತೂರುಗಳ ರೈತರು ಎದ್ದ ದಂಗೆ ಅದು. ಸರಕಾರ ನಂಬಿದವರ ಕೈಯಲ್ಲಿ ಬಂದೂಕು ಉಳಿಯಿತು, ನಂಬದವರ ಊರು ಸುಟ್ಟಿತು. ಶೌರ್ಯ ಎರಡೂ ಕಡೆ ಇತ್ತು.

ಕೊಡಗಿನಲ್ಲಿ ಬಂದೂಕು ಮನೆಯ ಸದಸ್ಯನಂತೆ ಉಳಿದು ಬಂದಿದೆ ಎಂಬುದೂ ಅಷ್ಟೇ ನಿಜ. ಕೈಲ್ ಪೊಳ್ದ್ ಹಬ್ಬದಲ್ಲಿ ಅದಕ್ಕೆ ತೋಕ್ ಪೂ ಮುಡಿಸಿ ಪೂಜಿಸುತ್ತಾರೆ; ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ನೆರೆಹೊರೆಗೆ ತಿಳಿಸುತ್ತಾರೆ. ಸ್ವತಂತ್ರ ಭಾರತದ ಸರಕಾರವೂ ವಿನಾಯಿತಿಯನ್ನು ಮುಂದುವರಿಸಿತು. 2019ರ ಅಕ್ಟೋಬರಿನ ಆದೇಶದಂತೆ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದು 2029ರವರೆಗೆ ಇದೆ. ಇದು ಜಾತಿಯ ಆಧಾರದ ಪಕ್ಷಪಾತವೆಂದು ಸಲ್ಲಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಸ್ವಾತಂತ್ರ್ಯಕ್ಕೆ ಮುಂಚಿನಿಂದ ಬಂದಿರುವ, ಅವಧಿಗೆ ಮತ್ತು ಷರತ್ತುಗಳಿಗೆ ಒಳಪಟ್ಟ ವಿನಾಯಿತಿ ಸಂವಿಧಾನಕ್ಕೆ ವಿರುದ್ಧವಲ್ಲ ಎಂಬುದು ನ್ಯಾಯಾಲಯದ ನಿಲುವು. ಹಲಗಲಿಯ ಬೇಡರ ಮೊಮ್ಮಕ್ಕಳು ಅದೇ ಬಂದೂಕಿಗೆ ಅರ್ಜಿ ಹಾಕಿ ಕಾಯಬೇಕು. ಕಾನೂನಿನ ಲೆಕ್ಕದಲ್ಲಿ ಇದು ಸರಿಯಿರಬಹುದು. ಇತಿಹಾಸದ ಲೆಕ್ಕದಲ್ಲಿ ಏನೋ ಬಾಕಿ ಉಳಿದಂತೆ ತೋರುತ್ತದೆ.

1878ರಲ್ಲಿ ಲಾರ್ಡ್ ಲಿಟ್ಟನ್ನನ ಕಾಲದಲ್ಲಿ ಬಂದ ಶಸ್ತ್ರ ಕಾಯಿದೆ ಲೈಸೆನ್ಸ್ ಪದ್ಧತಿಯನ್ನು ಗಟ್ಟಿ ಮಾಡಿತು. ಐರೋಪ್ಯರಿಗೆ ಅದರಿಂದ ವಿನಾಯಿತಿ ಇತ್ತು. ನೆಲದ ಮಕ್ಕಳಿಗೆ ಇರಲಿಲ್ಲ. ಕಾಂಗ್ರೆಸ್ಸು 1887ರಷ್ಟು ಹಿಂದೆಯೇ ಅದನ್ನು ಪ್ರತಿಭಟಿಸಿತು. ಅಹಿಂಸೆಯ ಗಾಂಧೀಜಿ ಕೂಡ 1918ರಲ್ಲಿ ಇಡೀ ರಾಷ್ಟ್ರದ ಕೈಯಿಂದ ಶಸ್ತ್ರ ಕಿತ್ತುಕೊಂಡ ಆ ಕಾಯಿದೆಯನ್ನು ಬ್ರಿಟಿಷರ ಕುಕೃತ್ಯಗಳಲ್ಲೇ ಕರಾಳವಾದದ್ದೆಂದು ಎಣಿಸಿದರು. ಶಸ್ತ್ರವನ್ನು ಬಿಡುವುದು ಧರ್ಮವಾಗಬೇಕಾದರೆ ಮೊದಲು ಅದು ಕೈಯಲ್ಲಿರಬೇಕಷ್ಟೆ. 1931ರ ಕರಾಚಿ ಅಧಿವೇಶನದ ಮೂಲಭೂತ ಹ��್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಇಟ್ಟುಕೊಳ್ಳುವ ಹಕ್ಕೂ ಸೇರಿತ್ತು.

ಹದಿನೇಳು ವರ್ಷಗಳ ನಂತರ ಸಂವಿಧಾನ ಸಭೆಯಲ್ಲಿ ಆ ಮಾತನ್ನು ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿ ಮಧ್ಯಪ್ರಾಂತದಿಂದ ಸದಸ್ಯರಾಗಿದ್ದ ಎಚ್.ವಿ. ಕಾಮತ್. 1948ರ ಡಿಸೆಂಬರ್ ಮೊದಲ ದಿನಗಳಲ್ಲಿ ಈ ಬಗ್ಗೆ ಚರ್ಚೆಯಾಯಿತು. ಡಾ. ಅಂಬೇಡ್ಕರ್ ಒಪ್ಪಲಿಲ್ಲ. ಶಸ್ತ್ರ ಹಿಡಿಯುವ ಹಕ್ಕಿಗಿಂತ ರಾಷ್ಟ್ರಕ್ಕಾಗಿ ಅದನ್ನು ಹಿಡಿಯುವ ಕರ್ತವ್ಯ ಮುಖ್ಯ. ಎಲ್ಲರಿಗೂ ಹಕ್ಕೆಂದು ಬರೆದರೆ ಅಪರಾಧವನ್ನೇ ಕಸುಬು ಮಾಡಿಕೊಂಡವರೂ ಅದನ್ನು ಕೇಳುತ್ತಾರೆ ಎಂಬುದು ಅವರ ಉತ್ತರದ ಧಾಟಿ. ತಿದ್ದುಪಡಿ ಬಿದ್ದುಹೋಯಿತು. 'ಅಪರಾಧಿ ಬುಡಕಟ್ಟು' ಎಂಬ ಹಣೆಪಟ್ಟಿ ಆಗಿನ್ನೂ ಕಾಯಿದೆಯ ಪುಸ್ತಕದಲ್ಲಿತ್ತು. ಬಿಜಾಪುರದಲ್ಲಿ ಅಂಥ ಹಣೆಪಟ್ಟಿ ಹೊತ್ತವರನ್ನು ಕೂಡಿಹಾಕಿದ ವಸಾಹತೂ ಇತ್ತು. ಯಾರ ಕೈಗೆ ಬಂದೂಕು ಕೊಡಬಹುದು ಎಂಬ ಪ್ರಶ್ನೆಯ ಹಿಂದೆ ಯಾರನ್ನು ನಂಬಬಹುದು ಎಂಬ ಪ್ರಶ್ನೆ ಯಾವಾಗಲೂ ಇಣುಕುತ್ತಿರುತ್ತದೆ. ಅಮೆರಿಕ 1791ರಲ್ಲೇ ಎಲ್ಲರನ್ನೂ ನಂಬಿದೆವೆಂದು ಸಂವಿಧಾನಕ್ಕೆ ತಿದ್ದುಪಡಿ ತಂದಿತು. ಮನೆಯ ರಕ್ಷಣೆಗೆ ಕೈಬಂದೂಕು ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕೆಂದು ಅಲ್ಲಿನ ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ಶಾಲೆಗಳಲ್ಲಿ ಗುಂಡಿನ ಸದ್ದು ಕೇಳಿದಾಗಲೆಲ್ಲ ಆ ನಂಬಿಕೆಯ ಬೆಲೆಯ ಬಗ್ಗೆ ಅಲ್ಲಿ ವಾಗ್ವಾದ ನಡೆಯುತ್ತದೆ.

ಭಾರತದ 1959ರ ಶಸ್ತ್ರ ಕಾಯಿದೆ ನಡುವಿನ ದಾರಿ ಹಿಡಿಯಿತು. ಬಂದೂಕು ಹಕ್ಕಲ್ಲ, ಅನುಮತಿ. ಆದರೆ ಬೆಳೆ ಕಾಯಲು ಮದ್ದು ತುಂಬುವ ಬಂದೂಕು ಕೇಳಿದ ರೈತನಿಗೆ, ರಕ್ಷಣೆಗೆ ಉದ್ದ ನಳಿಗೆಯ ಸಾದಾ ಬಂದೂಕು ಕೇಳಿದವನಿಗೆ, ತಕ್ಕ ಕಾರಣವಿಲ್ಲದೆ ಇಲ್ಲವೆನ್ನಬಾರದು ಎಂಬ ಔದಾರ್ಯವೂ ಅದರಲ್ಲಿದೆ. 2019ರ ತಿದ್ದುಪಡಿಯಿಂದ ಒಬ್ಬನ ಬಳಿ ಇರಬಹುದಾದ ಬಂದೂಕುಗಳು ಮೂರರಿಂದ ಎರಡಕ್ಕೆ ಇಳಿದವು.

ಬಬಲೇಶ್ವರ ತಿಕೋಟಾ ಸೀಮೆಯಲ್ಲಿ ಅನೇಕ ಕುಟುಂಬಗಳು ಊರೊಳಗಿನ ಮನೆ ಬಿಟ್ಟು ಹೊಲದಲ್ಲೇ ತೋಟದ ವಸ್ತಿ ಮಾಡಿಕೊಂಡಿವೆ. ನೀರು ಬಂದ ಮೇಲೆ ದ್ರಾಕ್ಷಿ ಬಂತು, ದ್ರಾಕ್ಷಿಯ ಜತೆ ದುಡ್ಡು ಬಂತು. ರಾತ್ರಿ ಸುತ್ತ ಯಾರೂ ಇಲ್ಲದ ವಸ್ತಿಯಲ್ಲಿ ನಾಯಿ ಬೊಗಳಿದರೆ ಎದೆ ಝಲ್ಲೆನ್ನುವುದು ಸಹಜ. ಪೊಲೀಸರಿಗೆ ಫೋನು ಮಾಡಿದರೆ ಅವರು ಬರುವಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಇಂಥವನು ಬಂದೂಕಿನ ಲೈಸೆನ್ಸು ಕೇಳಿದರೆ ಅವನನ್ನು ಹಿಂಸೆಯ ಪ್ರೇಮಿ ಎನ್ನುವುದು ಅನ್ಯಾಯ. ಹುಡೆ ಕಟ್ಟಿದವರ ಭಯವೇ ಅವನದೂ.

ಆದರೆ ಇದೇ ಜಿಲ್ಲೆಯ ಇನ್ನೊಂದು ಅಂಚಿನಲ್ಲಿ, ಇಂಡಿ ಚಡಚಣಗಳ ಕಡೆ, ಭೀಮಾ ತೀರ ಎಂದರೆ ನಾಡ ಪಿಸ್ತೂಲು ಎಂಬ ಕೆಟ್ಟ ಹೆಸರು ಬಂದುಹೋಗಿದೆ. ಹಳೆಯ ಹಗೆ ಇರುವ ಮನೆಯಲ್ಲಿ ಪ್ರತಿಯೊಬ್ಬನೂ ತನ್ನ ಪಿಸ್ತೂಲನ್ನು ರಕ್ಷಣೆಗೆಂದೇ ಕರೆಯುತ್ತಾನೆ. ಎದುರು ಮನೆಯವನಿಗೆ ಅದೇ ಪಿಸ್ತೂಲು ತಾನೂ ಒಂದನ್ನು ಕೊಳ್ಳಲು ಕಾರಣವಾಗುತ್ತದೆ. ಅಜ್ಜನ ಕಾಲದಲ್ಲಿ ಕೊಡಲಿಯಲ್ಲಿ ಮುಗಿಯುತ್ತಿದ್ದ ಜಗಳ ಮೊಮ್ಮಗನ ಕಾಲದಲ್ಲಿ ಬೈಕಿನ ಮೇಲೆ ಬಂದು ಗುಂಡು ಹಾರಿಸುವವರೆಗೆ ಬಂದಿದೆ.

ಮನೆಯ ಬಾಗಿಲು ಬಂದೂಕಿನಿಂದ ಎಷ್ಟು ಭದ್ರ ಎಂಬುದಕ್ಕೆ ಇನ್ನೂ ನೋವಿನ ಸಾಕ್ಷಿಯಿದೆ. ಸಿಂದಗಿ ತಾಲೂಕಿನಲ್ಲಿ ಹುಟ್ಟಿದ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷಗಳ ನಂತರ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ತಮ್ಮ ಮನೆಯ ಮುಂದೆ ಪತ್ರಕರ್ತೆ ಗೌರಿ ಲಂಕೇಶ್ ಗುಂಡಿಗೆ ಬಲಿಯಾದರು. ಎರಡೂ ಕಡೆ ಹಾರಿದ್ದು ಒಂದೇ ನಾಡ ಪಿಸ್ತೂಲಿನ ಗುಂಡುಗಳೆಂದು ತನಿಖೆಯಲ್ಲಿ ಪರೀಕ್ಷಿಸಿದ ತಜ್ಞರು ಹೇಳಿದರು. ಬಾಗಿಲಿಗೆ ಬಂದ ಅಪರಿಚಿತನನ್ನು ಯಾರೋ ವಿದ್ಯಾರ್ಥಿ ಇರಬೇಕೆಂದು ಎದುರುಗೊಳ್ಳುವ ಮನೆಗಳಲ್ಲಿ ಗೋಡೆಯ ಮೇಲಿನ ಬಂದೂಕು ಯಾರನ್ನು ಉಳಿಸೀತು? ಮೊದಲು ಕೈ ಎತ್ತುವವನಿಗೆ ಬಂದೂಕು ನೆರವಾಗುವಷ್ಟು ಕಾಯುವವನಿಗೆ ಆಗುವುದಿಲ್ಲ. ಹಲಗಲಿಯ ದೂರು ನ್ಯಾಯವಾದದ್ದೇ. ಅದರಿಂದ ಪ್ರತಿ ಮನೆಗೊಂದು ಬಂದೂಕು ಬೇಕೆಂಬ ತೀರ್ಮಾನ ಹುಟ್ಟುವುದಿಲ್ಲ.

ಲೈಸೆನ್ಸ್ ಇದ್ದವರಿಗೂ 1857ರ ನೆನಪು ಕೆಲವು ವರ್ಷಗಳಿಗೊಮ್ಮೆ ಬರುತ್ತದೆ. ಚುನಾವಣೆ ಘೋಷಣೆಯಾದೊಡನೆ ಲೈಸೆನ್ಸ್ ಹೊಂದಿದ ಬಂದೂಕುಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡುವಂತೆ ಜಿಲ್ಲಾಡಳಿತ ಸೂಚಿಸುತ್ತದೆ. ಯಾರು ಇಡಬೇಕು, ಯಾರಿಗೆ ವಿನಾಯಿತಿ ಎಂಬುದನ್ನು ಪರಿಶೀಲನಾ ಸಮಿತಿ ನೋಡಬೇಕೆಂಬ ನಿಯಮವಿದೆ. ಬೆಳೆ ಹೊಲದಲ್ಲಿ ನಿಂತಿರುವಾಗ, ಹಂದಿಗಳು ಮೇಯಲು ಬರುವ ಕಾಲದಲ್ಲೇ ಬಂದೂಕು ಕೊಡಬೇಕೆ ಎಂದು ರೈತರು ಗೊಣಗುತ್ತಾರೆ. ಗೊಣಗುತ್ತಲೇ ಅದನ್ನು ಗೋಣಿಯಲ್ಲಿ ಸುತ್ತಿ ಬಸ್ಸಿನಲ್ಲೋ ಬೈಕಿನಲ್ಲೋ ಠಾಣೆಗೆ ತರುತ್ತಾರೆ. ಪೊಲೀಸರು ನಂಬರು ಬರೆದುಕೊಂಡು ರಸೀದಿ ಕೊಡುತ್ತಾರೆ. ಫಲಿತಾಂಶ ಬಂದು ಒಂದು ವಾರ ಕಳೆದ ಮೇಲೆ ಆ ರಸೀದಿ ತೋರಿಸಿದರೆ ಬಂದೂಕು ವಾಪಸು ಸಿಗುತ್ತದೆ.